ವಿಮಾ ಏಜೆಂಟರಾಗಿ ನೇಮಕಗೊಳ್ಳುವ ವಿಧಾನ: ನೇರ ನೇಮಕಾತಿ ಹಾಗೂ ಮಧ್ಯವರ್ತಿ ಸಂಸ್ಥೆಗಳ ಮೂಲಕ ಸೇರ್ಪಡೆ

ಪೀಠಿಕೆ

ವಿಮಾ ಪಾಲಿಸಿಗಳ ಮಾರಾಟವನ್ನು ಜೀವನೋಪಾಯವಾಗಿ ಕೈಗೊಳ್ಳಲು ಇಚ್ಛಿಸುವ ನಾಗರಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಒಬ್ಬ ವ್ಯಕ್ತಿಯು ಹಲವು ಕಂಪನಿಗಳ ಪಾಲಿಸಿಗಳನ್ನು ಮಾರಾಟ ಮಾಡಬಹುದೇ? ಮಾಡಬಹುದು. ಆದರೆ ಈ ಅಧಿಕಾರವು ವ್ಯಕ್ತಿಗೆ ಸ್ವತಂತ್ರವಾಗಿ ದೊರೆಯುವುದಿಲ್ಲ. ಆತನ ನಡವಳಿಕೆಗೆ ಕಾನೂನಿನ ಮುಂದೆ ಉತ್ತರದಾಯಿಯಾಗುವ ಒಂದು ವಿಮಾ ಕಂಪನಿ ಅಥವಾ ನೋಂದಾಯಿತ ಮಧ್ಯವರ್ತಿ ಸಂಸ್ಥೆಯ ಮೂಲಕವೇ ದೊರೆಯುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಆ ಉತ್ತರದಾಯಿ ಯಾರೆಂಬುದನ್ನು ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ.

ಕಾನೂನಿನ ಹಿನ್ನೆಲೆ

ವಿಮಾ ಏಜೆಂಟರ ನೇಮಕಾತಿಯು 1938ರ ವಿಮಾ ಅಧಿನಿಯಮದ 42ನೇ ಪ್ರಕರಣಕ್ಕೆ ಒಳಪಟ್ಟಿರುತ್ತದೆ. ಹಿಂದೆ ಏಜೆಂಟರಿಗೆ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಪರವಾನಗಿ ಬೇಕಾಗಿತ್ತು. 2015ರ ತಿದ್ದುಪಡಿಯ ತರುವಾಯ ಏಜೆಂಟರನ್ನು ನೇಮಿಸುವ ಅಧಿಕಾರವು ವಿಮಾ ಕಂಪನಿಗಳಿಗೇ ದೊರೆಯಿತು. ಪ್ರಾಧಿಕಾರವು ಹೊರಡಿಸಿದ ಸಂಬಂಧಿತ ನಿಯಮಗಳು 1ನೇ ಏಪ್ರಿಲ್ 2016ರಿಂದ ಜಾರಿಗೆ ಬಂದವು. ಆದ್ದರಿಂದ ಇಂದು ಏಜೆಂಟರ ಮೂಲ ದಾಖಲೆಯೆಂದರೆ ಕಂಪನಿಯು ನೀಡುವ ನೇಮಕಾತಿ ಪತ್ರ.

ಮೊದಲನೆಯ ಮಾರ್ಗ: ಕಂಪನಿಯಿಂದ ನೇರ ನೇಮಕಾತಿ

ಅರ್ಜಿದಾರರು 18 ವರ್ಷ ತುಂಬಿದವರಾಗಿರಬೇಕು ಹಾಗೂ ಹತ್ತನೆಯ ತರಗತಿಯಲ್ಲಿ ಉತ್ತೀರ್ಣರಾಗಿರಬೇಕು. ವಂಚನೆ, ನಂಬಿಕೆ ದ್ರೋಹ, ಖೋಟಾ ದಾಖಲೆ ಸೃಷ್ಟಿ ಮುಂತಾದ ಅಪರಾಧಗಳಿಗಾಗಿ ಶಿಕ್ಷೆಗೆ ಒಳಗಾದವರು ಅರ್ಹರಲ್ಲ. ಅರ್ಜಿದಾರರು ಜೀವ ವಿಮೆ, ಸಾಮಾನ್ಯ ವಿಮೆ ಅಥವಾ ಆರೋಗ್ಯ ವಿಮೆಗೆ ಸಂಬಂಧಿಸಿದ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ನಿಗದಿತ ನಮೂನೆಯಲ್ಲಿ ಪ್ಯಾನ್ ಸಂಖ್ಯೆಯೊಂದಿಗೆ ಕಂಪನಿಗೆ ಅರ್ಜಿ ಸಲ್ಲಿಸತಕ್ಕದ್ದು.

ಅರ್ಜಿದಾರರು ಈಗಾಗಲೇ ಬೇರೆ ಕಂಪನಿಯ ಏಜೆಂಟರಾಗಿದ್ದಾರೆಯೇ, ಅವರ ಹೆಸರು ಕಪ್ಪುಪಟ್ಟಿಯಲ್ಲಿದೆಯೇ ಎಂಬುದನ್ನು ಕಂಪನಿಯು ಕೇಂದ್ರೀಕೃತ ಪಟ್ಟಿಯಲ್ಲಿ ಪರಿಶೀಲಿಸುತ್ತದೆ. ಎಲ್ಲ ದಾಖಲೆಗಳೂ ಸರಿಯಾಗಿದ್ದಲ್ಲಿ 15 ದಿನಗಳೊಳಗೆ ನೇಮಕಾತಿ ಪತ್ರ ನೀಡಬೇಕು. ಗುರುತಿನ ಚೀಟಿಯನ್ನೂ ನೀಡಲಾಗುತ್ತದೆ. ಅರ್ಜಿಯನ್ನು ತಿರಸ್ಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಅದರ ವಿರುದ್ಧ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಪುನರ್‌ಪರಿಶೀಲನೆಗಾಗಿ ಅರ್ಜಿ ಸಲ್ಲಿಸಬಹುದು.

ಈ ಮಾರ್ಗದ ಮುಖ್ಯ ಮಿತಿಯನ್ನು ಗಮನಿಸಬೇಕು. ಒಬ್ಬ ವ್ಯಕ್ತಿಯು ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿ ಹಾಗೂ ಒಂದೇ ಬಗೆಯ ವಿಮೆಯನ್ನು ಮಾತ್ರ ನಡೆಸುವ ಕಂಪನಿಗಳ ಪೈಕಿ ಪ್ರತಿ ಬಗೆಗೆ ಒಂದರಂತೆ ಮಾತ್ರ ಏಜೆಂಟರಾಗಿರಬಹುದು. ಒಂದೇ ವರ್ಗದ ಎರಡು ಕಂಪನಿಗಳ ಪಾಲಿಸಿಗಳನ್ನು ಗ್ರಾಹಕರ ಮುಂದಿಟ್ಟು ಹೋಲಿಸಿ ಮಾರಾಟ ಮಾಡಲು ಈ ಮಾರ್ಗದಲ್ಲಿ ಅವಕಾಶವಿಲ್ಲ. ಒಂದು ಕಂಪನಿಯನ್ನು ಬಿಟ್ಟು ಅದೇ ವರ್ಗದ ಮತ್ತೊಂದನ್ನು ಸೇರಬೇಕಾದಲ್ಲಿ ಹಿಂದಿನ ಕಂಪನಿಯಿಂದ ಏಜೆನ್ಸಿ ಮುಕ್ತಾಯದ ಪ್ರಮಾಣಪತ್ರವನ್ನು ಪಡೆಯತಕ್ಕದ್ದು.

ಎರಡನೆಯ ಮಾರ್ಗ: ಮಧ್ಯವರ್ತಿ ಸಂಸ್ಥೆಗಳ ಮೂಲಕ

ಹಲವು ಕಂಪನಿಗಳ ಪಾಲಿಸಿಗಳನ್ನು ಮಾರಬಯಸುವವರಿಗೆ ಇರುವ ಮಾರ್ಗವಿದು. ಪ್ರಾಧಿಕಾರದಲ್ಲಿ ನೋಂದಾಯಿತವಾದ ಬ್ರೋಕರ್ ಸಂಸ್ಥೆಯು ಯಾವುದೇ ಕಂಪನಿಯ ಪಾಲಿಸಿಯನ್ನು ಗ್ರಾಹಕರಿಗೆ ಒದಗಿಸಬಹುದು. ಬ್ಯಾಂಕುಗಳಂತಹ ಕಾರ್ಪೊರೇಟ್ ಏಜೆಂಟರು ಪ್ರತಿ ವರ್ಗದಲ್ಲಿ 9 ಕಂಪನಿಗಳವರೆಗೆ, ಇನ್ಶೂರೆನ್ಸ್ ಮಾರ್ಕೆಟಿಂಗ್ ಫರ್ಮ್‌ಗಳು 6 ಕಂಪನಿಗಳವರೆಗೆ ಒಪ್ಪಂದ ಮಾಡಿಕೊಳ್ಳಲು 2022ರ ತಿದ್ದುಪಡಿಯು ಅವಕಾಶ ಕಲ್ಪಿಸಿತು.

ಇಂತಹ ಸಂಸ್ಥೆಗಳಡಿ ವ್ಯಕ್ತಿಗಳು ಸೇರಲು ಬಹುವಾಗಿ ಬಳಕೆಯಲ್ಲಿರುವ ವ್ಯವಸ್ಥೆಯೆಂದರೆ 2015ರಲ್ಲಿ ಆರಂಭವಾದ ‘ಪಾಯಿಂಟ್ ಆಫ್ ಸೇಲ್ಸ್ ಪರ್ಸನ್’ ವ್ಯವಸ್ಥೆ. ಸಂಕ್ಷಿಪ್ತವಾಗಿ ಇವರನ್ನು ಪಿಒಎಸ್‌ಪಿ ಎನ್ನುತ್ತಾರೆ. ಹತ್ತನೆಯ ತರಗತಿ ಉತ್ತೀರ್ಣರಾದವರಿಗೆ ಸಂಸ್ಥೆಯೇ 15 ಗಂಟೆಗಳ ತರಬೇತಿ ನೀಡಿ, ಪರೀಕ್ಷೆ ನಡೆಸಿ, ಪ್ರಮಾಣಪತ್ರ ಕೊಡುತ್ತದೆ. ಸೇರಿದವರು ಆ ಸಂಸ್ಥೆಯ ಮೂಲಕ ಲಭ್ಯವಿರುವ ಹಲವು ಕಂಪನಿಗಳ ಪಾಲಿಸಿಗಳನ್ನು ಮಾರಾಟ ಮಾಡಬಹುದು.

ಈ ಅನುಕೂಲದೊಂದಿಗೆ ಮೂರು ಮಿತಿಗಳಿವೆ:

1. ಈ ವ್ಯವಸ್ಥೆಗೆಂದು ಅನುಮತಿಸಲಾದ ಸರಳ ಪಾಲಿಸಿಗಳನ್ನು ಮಾತ್ರ ಮಾರಬಹುದು. ವಾಹನ ವಿಮೆ, ವೈಯಕ್ತಿಕ ಅಪಘಾತ ವಿಮೆ, ಪ್ರವಾಸ ವಿಮೆ, ಗೃಹ ವಿಮೆ, ಸರಳ ಅವಧಿ ಜೀವ ವಿಮೆ ಮುಂತಾದವು ಇದಕ್ಕೆ ಉದಾಹರಣೆ.
2. ಕಂಪನಿಗಳೊಡನೆ ಸಂಬಂಧ ಹೊಂದಿರುವುದು ಸಂಸ್ಥೆ. ಪಿಒಎಸ್‌ಪಿಗೆ ಆಯಾ ಕಂಪನಿಯ ಪ್ರತ್ಯೇಕ ನೇಮಕಾತಿ ಇರುವುದಿಲ್ಲ. ಸಂಸ್ಥೆಯನ್ನು ಬಿಟ್ಟೊಡನೆ ಮಾರಾಟದ ಅಧಿಕಾರವೂ ಮುಗಿಯುತ್ತದೆ.
3. ಸಂಭಾವನೆಯನ್ನು ಪಾವತಿಸುವುದು ಸಂಸ್ಥೆಯೇ ಹೊರತು ವಿಮಾ ಕಂಪನಿಯಲ್ಲ.

ಇದಕ್ಕೆ ಪ್ರತಿಯಾಗಿ, ಪಿಒಎಸ್‌ಪಿಯ ತಪ್ಪು ನಡವಳಿಕೆಗೆ ಸೇರಿಸಿಕೊಂಡ ಸಂಸ್ಥೆಯೇ ಹೊಣೆಯಾಗಿರುತ್ತದೆ.

ಸೇರುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

* ಸಂಸ್ಥೆಯ ಹೆಸರು ಮತ್ತು ನೋಂದಣಿ ಸಂಖ್ಯೆ ಪ್ರಾಧಿಕಾರದ ಪಟ್ಟಿಯಲ್ಲಿ ಇದೆಯೇ, ನೋಂದಣಿಯು ಚಾಲ್ತಿಯಲ್ಲಿದೆಯೇ.
* ಪ್ರಮಾಣಪತ್ರವು ಅರ್ಜಿದಾರರ ಸ್ವಂತ ಹೆಸರಿನಲ್ಲಿ ಇರುವುದೇ. ಬೇರೊಬ್ಬರ ಹೆಸರಿನ ಲಾಗಿನ್ ಬಳಸಿ ವ್ಯವಹರಿಸಲು ಯಾರಾದರೂ ಸೂಚಿಸಿದಲ್ಲಿ ಒಪ್ಪಿಕೊಳ್ಳಬಾರದು.
* ಸಂಭಾವನೆಯ ಪ್ರಮಾಣ ಮತ್ತು ಪಾವತಿಯ ದಿನಾಂಕ ಒಪ್ಪಂದದಲ್ಲಿ ನಮೂದಾಗಿದೆಯೇ. 2023ರ ಏಪ್ರಿಲ್‌ನಿಂದ ಕಮಿಷನ್ ದರವನ್ನು ಪ್ರತಿ ಕಂಪನಿಯು ತನ್ನದೇ ನೀತಿಯಂತೆ ನಿರ್ಧರಿಸುವುದರಿಂದ ದರಗಳಲ್ಲಿ ವ್ಯತ್ಯಾಸವಿರುತ್ತದೆ.
* ಸಂಸ್ಥೆಯನ್ನು ಬಿಟ್ಟಲ್ಲಿ ತಾವು ತಂದ ಗ್ರಾಹಕರ ನವೀಕರಣದ ಕಮಿಷನ್ ಯಾರಿಗೆ ಸಲ್ಲುತ್ತದೆ. ಈ ಷರತ್ತನ್ನು ಓದದೆ ಸಹಿ ಮಾಡಿದವರು ಹಲವು ವರ್ಷಗಳ ದುಡಿಮೆಯ ಫಲವನ್ನು ಕಳೆದುಕೊಳ್ಳುವ ಸಂಭವವಿದೆ.

‘ಎಲ್ಲ ಕಂಪನಿಗಳ ಏಜೆನ್ಸಿ ಕೊಡಿಸುತ್ತೇವೆ’ ಎಂದು ಹೇಳಿ ಮುಂಗಡ ಹಣ ಕೇಳುವವರ ಬಗ್ಗೆ ಎಚ್ಚರಿಕೆ ವಹಿಸುವುದು. ಹಣ ಪಾವತಿಸಿದ ರಸೀದಿಯು ನೇಮಕಾತಿ ಪತ್ರವೂ ಅಲ್ಲ, ಪ್ರಮಾಣಪತ್ರವೂ ಅಲ್ಲ.

ನೇಮಕಗೊಂಡ ನಂತರದ ಕರ್ತವ್ಯಗಳು

ಏಜೆಂಟರು ಗ್ರಾಹಕರಿಗೆ ಗುರುತಿನ ಚೀಟಿಯನ್ನು ತೋರಿಸಬೇಕು. ಕೇಳಿದಲ್ಲಿ ನೇಮಕಾತಿ ಪತ್ರವನ್ನೂ ಕಮಿಷನ್ ದರವನ್ನೂ ತಿಳಿಸಬೇಕು. ತಮಗೆ ಬರುವ ಕಮಿಷನ್‌ನಲ್ಲಿ ಪಾಲು ಕೊಡುವುದಾಗಿ ಆಮಿಷ ಒಡ್ಡಿ ಪಾಲಿಸಿ ಮಾರುವುದನ್ನು ಅಧಿನಿಯಮದ 41ನೇ ಪ್ರಕರಣ ನಿಷೇಧಿಸಿದೆ. ಕಂಪನಿಯ ಪರವಾಗಿ ಪಡೆದ ಪ್ರೀಮಿಯಂ ಹಣವನ್ನು, ಬ್ಯಾಂಕ್ ಮತ್ತು ಅಂಚೆ ರಜಾದಿನಗಳನ್ನು ಹೊರತುಪಡಿಸಿ, 24 ಗಂಟೆಗಳೊಳಗೆ ಕಂಪನಿಗೆ ಜಮಾ ಮಾಡಬೇಕು ಅಥವಾ ರವಾನಿಸಬೇಕು.

ಈ ಕೊನೆಯ ನಿಯಮದ ಮಹತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸರಕು ಸಾಗಣೆ ಆಟೋ ಹೊಂದಿರುವ ವ್ಯಕ್ತಿಯೊಬ್ಬರು ವಿಮೆಯ ಹಣವನ್ನು ಅಧಿಕಾರವಿಲ್ಲದ ಮಾರಾಟಗಾರನ ಕೈಗೆ ಕೊಟ್ಟರೆಂದು ಭಾವಿಸೋಣ. ಆ ಹಣ ಕಂಪನಿಗೆ ತಲುಪದೆ ಪಾಲಿಸಿಯೇ ಹುಟ್ಟದಿದ್ದಲ್ಲಿ, ಅಪಘಾತವಾದಾಗ ಗಾಯಗೊಂಡವರಿಗೆ ಪರಿಹಾರ ನೀಡುವ ಹೊರೆ ಮಾಲೀಕರ ಮೇಲೆಯೇ ಬೀಳುತ್ತದೆ. ದುಡಿಮೆಗೆ ಆಧಾರವಾದ ವಾಹನವನ್ನೇ ಮಾರಬೇಕಾದ ಸ್ಥಿತಿ ಬರಬಹುದು. ನೇಮಕಾತಿಯ ನಿಯಮಗಳು ಇಂತಹ ಹಾನಿಯನ್ನು ತಡೆಯಲೆಂದೇ ಇವೆ.

ಸಾರ್ವಜನಿಕರ ಗಮನಕ್ಕೆ

ಪಾಲಿಸಿ ಕೊಳ್ಳುವವರು ಮಾರಾಟಗಾರರ ನೇಮಕಾತಿ ಪತ್ರ ಅಥವಾ ಪ್ರಮಾಣಪತ್ರವನ್ನು ಕೇಳಿ ನೋಡುವುದು. ಸಾಧ್ಯವಾದ ಮಟ್ಟಿಗೆ ಪ್ರೀಮಿಯಂ ಹಣವನ್ನು ಕಂಪನಿಯ ಹೆಸರಿಗೇ ಪಾವತಿಸಿ ರಸೀದಿ ಪಡೆಯುವುದು. ದೂರುಗಳನ್ನು ಮೊದಲು ಸಂಬಂಧಪಟ್ಟ ಕಂಪನಿ ಅಥವಾ ಸಂಸ್ಥೆಗೆ ಲಿಖಿತವಾಗಿ ಸಲ್ಲಿಸುವುದು. ಪರಿಹಾರ ದೊರೆಯದಿದ್ದಲ್ಲಿ ಪ್ರಾಧಿಕಾರದ ‘ಬಿಮಾ ಭರೋಸಾ’ ವ್ಯವಸ್ಥೆಯಲ್ಲಿ ನೋಂದಾಯಿಸಬಹುದು. ಪಾಲಿಸಿದಾರರು ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೂ ದೂರು ಸಲ್ಲಿಸಬಹುದಾಗಿದೆ.