ಕಲ್ಲು ಹೊತ್ತು ಊರಿಗೆ

ಕೊಲ್ಲಿಯಿಂದ ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಖರ್ಜೂರ, ಬಾದಾಮಿ, ಸೋಪು, ಸೆಂಟು ಇರುವುದು ವಾಡಿಕೆ. ಬಟ್ಟೆಯ ಅಡಿಯಲ್ಲಿ ಆಸ್ಪತ್ರೆಯ ಲಕೋಟೆಯೊಂದು ಇರುವುದೂ ಈಗ ವಾಡಿಕೆಯೇ ಆಗಿಬಿಟ್ಟಿದೆ. ನಮ್ಮ ಸಂಘದ ಸದಸ್ಯರನ್ನೇ ನೋಡಿ. ರಜೆ ಮಂಜೂರಾದ ಕೂಡಲೇ ಹಲ್ಲಿಗೆ ಒಂದು ದಿನ, ಕಣ್ಣಿಗೆ ಒಂದು ದಿನ, ರಕ್ತ ಪರೀಕ್ಷೆಗೆ ಒಂದು ಬೆಳಗು ಎಂದು ಬರೆದಿಟ್ಟುಕೊಂಡು, ಮಿಕ್ಕ ದಿನಗಳನ್ನು ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಹಂಚುವವರೇ ಎಲ್ಲರೂ. 2024ರ ಜುಲೈಯಲ್ಲಿ ನಾವು ಊರಿಗೆ ಹೋದದ್ದು ಮೂತ್ರನಾಳದ ಕಲ್ಲು ತೆಗೆಸಲಿಕ್ಕೆ. ಅದನ್ನು ಕೇಳಿದ ಸಂಪಾದಕರು, "ನಾಲ್ಕು ಜನಕ್ಕೆ ಉಪಯೋಗವಾದೀತು, ಬರೆದುಕೊಡಿ" ಎಂದು ಎರಡು ಸಂಚಿಕೆಗಳಿಂದ ಬೆನ್ನು ಹತ್ತಿದ್ದಾರೆ. ಕಲ್ಲು ಒಬ್ಬರದೇ ಆದರೂ ನಿದ್ದೆಗೆಟ್ಟವರು ಮನೆಯವರೆಲ್ಲ. ಆದ್ದರಿಂದ ಇಲ್ಲಿ "ನಾವು" ಎಂದೇ ಬರೆಯುತ್ತೇವೆ.

ಕೊಲ್ಲಿ ದೇಶಗಳಲ್ಲಿ ಈ ಕಾಯಿಲೆ ಹೆಚ್ಚು. ಕಾರಣ ನಿಗೂಢವೇನಲ್ಲ. ಕುವೈತಿನ ಬಿಸಿಲು ಎಂಥದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾಹ್‌ನಲ್ಲಿ ದಾಖಲಾದ 53.9 ಡಿಗ್ರಿಯನ್ನು ವಿಶ್ವ ಹವಾಮಾನ ಸಂಸ್ಥೆಯೇ ಒಪ್ಪಿಕೊಂಡಿದೆ. ಬೆವರಾಗಿ ಹೋದ ನೀರು ಮೂತ್ರಕ್ಕೆ ಸಿಗುವುದಿಲ್ಲ. ನೀರು ಕಡಿಮೆಯಾದಂತೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಸಾಂದ್ರವಾಗುತ್ತ ಹೋಗಿ, ಒಂದು ಮಿತಿ ದಾಟಿದಾಗ ಹರಳುಗಟ್ಟುತ್ತವೆ.

ನಮ್ಮ ಉದ್ಯೋಗವೂ ಇದೇ ಎಂಬುದು ಒಂದು ತಮಾಷೆ. ಸಮುದ್ರದ ನೀರನ್ನು ಕುಡಿಯುವ ನೀರಾಗಿ ಮಾಡುವ ಸ್ಥಾವರಗಳಲ್ಲಿ ಕೊಳವೆಗಳ ಒಳಗೆ ಕಟ್ಟುವ ಗಟ್ಟಿ ಪದರವನ್ನು ತಡೆಯುವುದು ಹೇಗೆ ಎಂಬುದರ ಮೇಲೆ ನಮ್ಮ ಸಂಶೋಧನೆ. ಕಾದ ನೀರಿಗೆ ಹತ್ತು ಲಕ್ಷ ಭಾಗಕ್ಕೆ ಕೆಲವೇ ಭಾಗ ಫಾಸ್ಫೇಟ್ ಜಾತಿಯ ಒಂದು ದ್ರವ್ಯ ಬೆರೆಸಿದರೆ ಹರಳು ಬೆಳೆಯುವುದು ನಿಧಾನವಾಗುತ್ತದೆ. ಮೂತ್ರದಲ್ಲಿಯೂ ಅಂಥದೇ ಕಾವಲುಗಾರರಿದ್ದಾರೆ: ಸಿಟ್ರೇಟ್ ಒಂದು, ಪೈರೊಫಾಸ್ಫೇಟ್ ಇನ್ನೊಂದು. ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ 1960ರ ದಶಕದಲ್ಲಿ ಈ ಪೈರೊಫಾಸ್ಫೇಟಿನ ಜಾಡು ಹಿಡಿದು ಹೋಗಿ, ಕೊಳವೆಗಳ ಗಟ್ಟಿ ಪದರಕ್ಕೆಂದು ಕಾರ್ಖಾನೆಗಳು ಬಳಸುತ್ತಿದ್ದ ವಸ್ತುಗಳಿಂದಲೇ ಮೂಳೆ ಸವೆತಕ್ಕೆ ಮದ್ದು ಕಂಡುಕೊಂಡರು. ಇಷ್ಟೆಲ್ಲ ಬಲ್ಲವರಿಗೇ ಕಲ್ಲು ಬಂತಲ್ಲ ಎಂದು ಪ್ರಯೋಗಾಲಯದ ಗೆಳೆಯರು ನಕ್ಕರು. ಕಲ್ಲಿಗೆ ಪದವಿ ಗೊತ್ತಾಗುವುದಿಲ್ಲ.

ನೋವನ್ನು ವರ್ಣಿಸುವುದಿಲ್ಲ. ಬಂದವರಿಗೆ ಗೊತ್ತು, ಬಾರದವರಿಗೆ ಬೇಡ. ಸ್ಕ್ಯಾನಿನಲ್ಲಿ ಕಂಡದ್ದು: ಎಡ ಮೂತ್ರನಾಳದ ಮೇಲ್ಭಾಗದಲ್ಲಿ 9 ಮಿಲಿಮೀಟರಿನ ಕಲ್ಲು, ಅದರ ಹಿಂದೆ ಮೂತ್ರ ಕಟ್ಟಿಕೊಂಡು ತುಸು ಊದಿದ ಮೂತ್ರಪಿಂಡ. 5 ಮಿಲಿಮೀಟರಿಗಿಂತ ಚಿಕ್ಕದಾದರೆ ಬಹುಮಟ್ಟಿಗೆ ತಾನಾಗಿಯೇ ಇಳಿದು ಹೋಗುತ್ತದೆ. ಇದು ಹೋಗುವ ಗಾತ್ರವಲ್ಲ. "ಎರಡು ಮೂರು ವಾರಕ್ಕಿಂತ ತಡಮಾಡಬೇಡಿ, ಜ್ವರ ಬಂದರೆ ಒಂದು ದಿನವೂ ಕಾಯಬೇಡಿ" ಎಂದರು ಇಲ್ಲಿನ ವೈದ್ಯರು. ಕಟ್ಟಿಕೊಂಡ ಮೂತ್ರಪಿಂಡ ಬಹುಕಾಲ ಹಾಗೆಯೇ ಉಳಿದರೆ ಅದರ ಕೆಲಸವೇ ಕುಂದುತ್ತದೆ.

ಇಲ್ಲೇ ಮಾಡಿಸುವುದೋ, ಊರಿಗೆ ಹೋಗುವುದೋ? ಇಲ್ಲಿ ಚಿಕಿತ್ಸೆ ಇಲ್ಲವೆಂದಲ್ಲ. ವಿಮೆಯೂ ಒಂದು ಪಾಲು ಕೊಡುತ್ತಿತ್ತು. ಆದರೆ ಜುಲೈ ರಜೆಯ ಟಿಕೆಟ್ ಮೊದಲೇ ತೆಗೆದಾಗಿತ್ತು. ಆ ರಜೆಯನ್ನು ಆಸ್ಪತ್ರೆಗೆಂದು ಇಲ್ಲೇ ಕಳೆದರೆ ಊರಿಗೆ ಹೋಗುವುದು ಮುಂದಿನ ವರ್ಷಕ್ಕೆ. ಪುತ್ತೂರಿನ ಹತ್ತಿರದ ಹಳ್ಳಿಯಲ್ಲಿ 71 ವರ್ಷದ ಅಮ್ಮ ಒಬ್ಬರೇ. 2020ರಲ್ಲಿ ಅಪ್ಪ ತೀರಿಕೊಂಡಾಗ ವಿಮಾನಗಳೇ ನಿಂತಿದ್ದವು. ಮಾರ್ಚ್ ಕೊನೆಯಿಂದ ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನಗಳು ಹೊರಡುವ ತನಕ ಇಲ್ಲಿದ್ದವರು ಇಲ್ಲಿ, ಅಲ್ಲಿದ್ದವರು ಅಲ್ಲಿ. ಅಂತ್ಯಕ್ರಿಯೆಯನ್ನು ನಾವು ಫೋನಿನಲ್ಲಿ ನೋಡಿದೆವು. ಆ ಮೇಲೆ ನಮ್ಮ ಮನೆಯಲ್ಲಿ ರಜೆಯ ಲೆಕ್ಕ ಹಾಕುವ ರೀತಿಯೇ ಬದಲಾಗಿದೆ. ಶ್ರೀಮತಿಯವರು ಹೆಚ್ಚು ಮಾತಾಡಲಿಲ್ಲ. "ಅತ್ತೆ ಇರುವಲ್ಲಿಗೇ ಹೋಗುವ" ಎಂದರು. ವೈದ್ಯರೂ ಸ್ಕ್ಯಾನನ್ನು ಇನ್ನೊಮ್ಮೆ ನೋಡಿ, ನೋವಿನ ಗುಳಿಗೆ ಕೊಟ್ಟು, ಒಪ್ಪಿದರು.

ಮಂಗಳೂರಿಗೆ ನೇರ ವಿಮಾನ, ಸುಮಾರು ನಾಲ್ಕೂವರೆ ಗಂಟೆ. 2006ರಲ್ಲಿ ಮಂಗಳೂರಿನಿಂದ ಕೊಲ್ಲಿಗೆ ವಿಮಾನ ಶುರುವಾಗುವ ಮೊದಲು ಬಂದ ಹಿರಿಯ ಸದಸ್ಯರು ಮುಂಬಯಿಯಲ್ಲಿಳಿದು ರಾತ್ರಿ ಬಸ್ಸು ಹತ್ತಿದ ಕಥೆ ಹೇಳುತ್ತಾರೆ. ಕಲ್ಲಿಟ್ಟುಕೊಂಡು ಆ ಬಸ್ಸಿನಲ್ಲಿ ಕೂರುವುದನ್ನು ಊಹಿಸಲೂ ಆಗದು. ವಿಮಾನ ಓಡಿಸುವವರಿಗೆ ಕಲ್ಲಿದೆಯೆಂದು ಗೊತ್ತಾದರೆ ಅವರನ್ನು ಹಾರಲು ಬಿಡುವುದಿಲ್ಲವಂತೆ, ಹಿಂದೆ ಕೂತವರನ್ನು ಯಾರೂ ಕೇಳುವುದಿಲ್ಲ.

ಊರು ಮುಟ್ಟಿದ್ದೇ ತಡ, ಮದ್ದುಗಳ ಮೆರವಣಿಗೆ ಹೊರಟಿತು. ಅಮ್ಮ ಹುರುಳಿ ಬೇಯಿಸಿ ಕಟ್ಟು ಬಸಿದಿಟ್ಟಿದ್ದರು. ಪಕ್ಕದ ಮನೆಯವರು ಬಾಳೆದಿಂಡಿನ ರಸ ತಂದರು. ತೋಟದ ಕೆಲಸಕ್ಕೆ ಬರುವವರು ಕಾಡುಬಸಳೆ ಎಲೆ ಕೊಯ್ದು ತಂದು, ಖಾಲಿ ಹೊಟ್ಟೆಯಲ್ಲಿ ಜಗಿಯಬೇಕು ಎಂದರು. ಒಬ್ಬೊಬ್ಬರಿಗೂ ಹೀಗೆ ಕಲ್ಲು ಕರಗಿಸಿಕೊಂಡ ಭಾವನೋ ಷಡ್ಡಕನೋ ಇದ್ದೇ ಇರುತ್ತಾರೆ. ರಸಾಯನಶಾಸ್ತ್ರದ ಕಡೆಯಿಂದ ಒಂದು ಮಾತು: ಯೂರಿಕ್ ಆಮ್ಲದ ಕಲ್ಲಾದರೆ ಮೂತ್ರದ ಹುಳಿ ತಗ್ಗಿಸಿ ಅದನ್ನು ಕರಗಿಸಬಹುದು, ಕ್ಯಾಲ್ಸಿಯಂ ಆಕ್ಸಲೇಟಿನದು ಹಾಗೆ ಕರಗುವ ಜಾತಿಯಲ್ಲ. ಭಾವನ ಕಲ್ಲು ಬಹುಶಃ ಚಿಕ್ಕದಿತ್ತು, ತಾನಾಗಿ ಇಳಿಯಿತು, ಹೆಸರು ಕಾಡುಬಸಳೆಗೆ ಬಂತು. ಹಾಗೆಂದು ನಾವು ಯಾವುದನ್ನೂ ಚೆಲ್ಲಲಿಲ್ಲ. ಹುರುಳಿ ಕಟ್ಟಿನಲ್ಲಿ ಹೆಚ್ಚಿನ ಪಾಲು ನೀರು. ನೀರಿಗೆ ನಮ್ಮ ಆಕ್ಷೇಪವಿಲ್ಲ.

ಕಷ್ಟ ಬಂದದ್ದು ಪತ್ರೊಡೆಯಲ್ಲಿ. ಆಟಿ ತಿಂಗಳು, ಹಿತ್ತಿಲು ತುಂಬ ಕೆಸು. ಕೆಸುವಿನ ಎಲೆ ಗಂಟಲು ತುರಿಸುವುದು ಯಾಕೆಂದರೆ ಅದರೊಳಗಿನ ಸೂಜಿಯಂಥ ಹರಳುಗಳಿಂದ, ಆ ಹರಳು ಸಾಕ್ಷಾತ್ ಕ್ಯಾಲ್ಸಿಯಂ ಆಕ್ಸಲೇಟ್! ಹುಣಿಸೆ ಹಾಕಿ ಅರೆಯುವುದು ಅದಕ್ಕಾಗಿಯೇ. ಮಗನಿಗೆ ಇಷ್ಟವೆಂದು ಅಮ್ಮ ಅಕ್ಕಿ ನೆನೆಹಾಕಿ ಕೂತಾಗ ಬೇಡವೆನ್ನುವುದು ಹೇಗೆ? ವೈದ್ಯರನ್ನೇ ಕೇಳಿದೆವು. "ಎರಡು ತುಂಡು ತಿನ್ನಿ, ಜೊತೆಗೆ ಮೊಸರು ಹಾಕಿಕೊಳ್ಳಿ" ಎಂದರು. ಮೊಸರಿನ ಕ್ಯಾಲ್ಸಿಯಂ ಹೊಟ್ಟೆಯಲ್ಲಿಯೇ ಆಕ್ಸಲೇಟನ್ನು ಹಿಡಿದು ಹಾಕುವುದರಿಂದ ಅದು ರಕ್ತಕ್ಕೆ ಸೇರುವುದು ಕಡಿಮೆ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲು ಮೊಸರು ಬಿಡುವವರು ನಮ್ಮಲ್ಲಿ ಬಹಳ. ಅಮೆರಿಕದಲ್ಲಿ 45 ಸಾವಿರಕ್ಕೂ ಹೆಚ್ಚು ಗಂಡಸರನ್ನು ಗಮನಿಸಿ 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು ಇದರ ತದ್ವಿರುದ್ಧ: ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚು ಇದ್ದವರಲ್ಲಿ ಕಲ್ಲು ಕಡಿಮೆ.

ಶಸ್ತ್ರಚಿಕಿತ್ಸೆ ಮಂಗಳೂರಿನಲ್ಲಿ, ಜುಲೈ 11ರಂದು. ಹಿಂದೆ ಹೊಟ್ಟೆ ಕೊಯ್ದು ತೆಗೆಯುತ್ತಿದ್ದರು. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹೊರಗಿನಿಂದ ಆಘಾತ ತರಂಗ ಬಿಟ್ಟು ಒಳಗಿನ ಕಲ್ಲನ್ನು ಪುಡಿಮಾಡುವುದು ಶುರುವಾಯಿತು. ನಮಗೆ ಮಾಡಿದ್ದು ಮೂತ್ರದ್ವಾರದಿಂದಲೇ ತೆಳುವಾದ ದುರ್ಬೀನು ಹಾಯಿಸಿ ಲೇಸರಿನಿಂದ ಒಡೆಯುವ ಕ್ರಮ, ಎಲ್ಲಿಯೂ ಹೊಲಿಗೆಯಿಲ್ಲ. ಲೇಸರು ಹೋಲ್ಮಿಯಂ ಧಾತುವಿನದು, ಆವರ್ತ ಕೋಷ್ಟಕದಲ್ಲಿ 67ನೆಯದು. ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತ ಧಾತು. ಬೆನ್ನಿಗೆ ಚುಚ್ಚಿದ್ದರಿಂದ ಎಚ್ಚರವಿತ್ತು, ಪರದೆಯಲ್ಲಿ ನಮ್ಮ ಕಲ್ಲನ್ನು ನಾವೇ ನೋಡಿದೆವು. ಕಂದು ಬಣ್ಣ, ಮೈಯೆಲ್ಲ ಮುಳ್ಳು.

ಒಳಗೆ ಒಂದು ಸ್ಟೆಂಟ್ ಇಟ್ಟರು. ಎರಡು ತುದಿಯೂ ಜೆ ಅಕ್ಷರದಂತೆ ಬಾಗಿದ ಮೆತ್ತಗಿನ ಕೊಳವೆ, ಅದಕ್ಕೇ ಡಿ.ಜೆ. ಸ್ಟೆಂಟ್ ಎಂದು ಹೆಸರು. ರಜೆಯಲ್ಲಿ ಹೋಗುವವರು ಇದನ್ನು ಗಮನವಿಟ್ಟು ಓದಬೇಕು. ಸ್ಟೆಂಟನ್ನು ಕೆಲವು ವಾರಗಳಲ್ಲಿ ತೆಗೆಸಲೇಬೇಕು. ನೋವಿಲ್ಲವೆಂದು ಹಾಗೆಯೇ ವಿಮಾನ ಹತ್ತಿ ಬಂದು ಮರೆತವರಿದ್ದಾರೆ. ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೆಯೇ ಕಲ್ಲು ಕಟ್ಟಿ, ತೆಗೆಯುವುದು ಮೊದಲಿನದಕ್ಕಿಂತ ದೊಡ್ಡ ಶಸ್ತ್ರಚಿಕಿತ್ಸೆಯಾಗುತ್ತದೆ. ತೆಗೆಸುವ ದಿನವನ್ನು ಮೊದಲು ನಿಗದಿ ಮಾಡಿಕೊಂಡು ಆಮೇಲೆ ಹಿಂತಿರುಗುವ ಟಿಕೆಟ್ ತೆಗೆಯಿರಿ. ಫೋನಿನಲ್ಲಿ ಹೇಳುವ "ಪ್ಯಾಕೇಜ್" ಮೊತ್ತದಲ್ಲಿ ಸ್ಟೆಂಟ್ ತೆಗೆಯುವ ಖರ್ಚು ಸೇರಿದೆಯೇ ಎಂದೂ ಕೇಳಿ. ನಮಗೆ ಹೇಳಿದ ಮೊತ್ತದಲ್ಲಿ ಸೇರಿರಲಿಲ್ಲ. ಅದು ಗೊತ್ತಾದದ್ದು ತೆಗೆಸಲು ಹೋದ ದಿನ, ಕೌಂಟರಿನಲ್ಲಿ. ಇನ್ನೊಂದು ಸಂಗತಿ. ಮನೆಗೆ ಕಳಿಸುವಾಗ ಕೊಡುವ ನೋವಿನ ಗುಳಿಗೆಗಳಲ್ಲಿ ಟ್ರಮಡಾಲ್ ಇರಬಹುದು. ಕೊಲ್ಲಿ ದೇಶಗಳಲ್ಲಿ ಅದರ ಮೇಲೆ ಕಟ್ಟುನಿಟ್ಟಿನ ನಿಯಂತ್ರಣವಿದೆ, ಕಾಗದಪತ್ರವಿಲ್ಲದೆ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಜೈಲು. ಉಳಿದ ಗುಳಿಗೆಯನ್ನು ಊರಿನಲ್ಲೇ ಬಿಟ್ಟು ಬನ್ನಿ.

ಸ್ಟೆಂಟ್ ಇದ್ದ ಮೂರು ವಾರ ಎಲ್ಲಿಗೂ ಹೋಗುವಂತಿರಲಿಲ್ಲ. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ನಾವು ಊರಿನ ಮನೆಯ ಜಗಲಿಯಲ್ಲಿ ಬೆಳಗಿನಿಂದ ರಾತ್ರಿಯ ತನಕ ಕೂತದ್ದು. ಹೊರಗೆ ಬಿಡದ ಮಳೆ. ಬೇರೆ ರಜೆಗಳಲ್ಲಿ ಅಮ್ಮನ ಜೊತೆ ಮಾತಾಡಿದ್ದೆಲ್ಲ ಕಾರು ಹತ್ತುವಾಗ ಇಳಿಯುವಾಗ. ಈ ಸಲ ಅಮ್ಮನನ್ನು ನೋಡಲು ಸಮಯ ಸಿಕ್ಕಿತು. ಲೋಟಕ್ಕೆ ಚಹಾ ಹೊಯ್ಯುವಾಗ ಅಂಚಿನೊಳಗೆ ಬೆರಳಿಟ್ಟು ಅಳತೆ ನೋಡುತ್ತಿದ್ದರು. ಪೇಪರು ಬರುತ್ತಿತ್ತು, ಬಿಚ್ಚುತ್ತಿರಲಿಲ್ಲ. ಜುಲೈ 16ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು, ಟಿ.ವಿ.ಯಲ್ಲಿ ದಿನವಿಡೀ ಅದೇ ದೃಶ್ಯ. ಅಮ್ಮ ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಕೂತು ಮೊಮ್ಮಗಳನ್ನು ಮೆಲ್ಲಗೆ ಕೇಳುತ್ತಿದ್ದರು: "ಗುಡ್ಡ ಯಾವ ಕಡೆ ಮಗಾ, ಹೊಳೆ ಯಾವ ಕಡೆ?"

ಎರಡೂ ಕಣ್ಣಿಗೆ ಪೊರೆ. ಪೇಟೆಯ ವೈದ್ಯರು ಹಿಂದಿನ ವರ್ಷವೇ ಹೇಳಿದ್ದರಂತೆ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದರೆ, "ನಿನಗೆ ಇರುವುದೇ ಮೂವತ್ತು ದಿವಸ ಮಾರಾಯ. ಅದರಲ್ಲಿ ನನ್ನ ಕಣ್ಣಿನ ಕಥೆ ಬೇರೆ ಬೇಕಾ?" ಎಂದರು. ಪೊರೆ ಹಣ್ಣಾಗಬೇಕು, ಮಳೆಗಾಲದಲ್ಲಿ ಮಾಡಿಸಬಾರದು, ತೋಟ ನೋಡುವವರು ಯಾರು ಎಂದು ಒಂದರ ಹಿಂದೊಂದು ನೆಪ. ಡಾ. ಎಂ. ಸಿ. ಮೋದಿಯವರಂಥವರು ಊರೂರಲ್ಲಿ ಶಿಬಿರ ನಡೆಸುತ್ತಿದ್ದ ಕಾಲದಲ್ಲಿ ಅಜ್ಜಿಗೆ ಒಂದು ಶಿಬಿರದಲ್ಲಿ ಪೊರೆ ತೆಗೆದಿದ್ದರು. ಆಮೇಲೆ ಸೋಡಾಬಾಟ್ಲಿಯ ತಳದಂಥ ಕನ್ನಡಕ. ಅಮ್ಮನ ಮನಸ್ಸಿನಲ್ಲಿದ್ದದ್ದು ಆ ಕನ್ನಡಕ. ಈಗ ಪೊರೆ ಹಣ್ಣಾಗುವ ತನಕ ಕಾಯಬೇಕಿಲ್ಲ, ಕಣ್ಣೊಳಗೇ ಮಸೂರ ಕೂರಿಸುತ್ತಾರೆ, ದಪ್ಪ ಕನ್ನಡಕ ಬೇಡ ಎಂದು ಎರಡು ದಿನ ವಿವರಿಸಿದೆವು. ಯುದ್ಧದ ವಿಮಾನಗಳ ಕಿಟಕಿಯ ಪರ್ಸ್ಪೆಕ್ಸ್ ಚೂರುಗಳು ವಿಮಾನ ಚಾಲಕರ ಕಣ್ಣು ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡಿದ್ದನ್ನು ಕಂಡು, ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಅದೇ ಪ್ಲಾಸ್ಟಿಕ್ಕಿನ ಮಸೂರ ಹಾಕಿದ ಕಥೆಯನ್ನೂ ಹೇಳಿದೆವು. ಅಮ್ಮನಿಗೆ ಆ ಕಥೆ ಹಿಡಿಸಲಿಲ್ಲ. ಕಣ್ಣಿಗೆ ಪ್ಲಾಸ್ಟಿಕ್ ಹಾಕುತ್ತಾರೆಂದು ಇನ್ನಷ್ಟು ಹೆದರಿದರು. ಒಪ್ಪಿಸಿದವರು ಶ್ರೀಮತಿ, ಒಂದೇ ಮಾತಿನಲ್ಲಿ: "ನಾನೂ ಮಗಳೂ ಆಗಸ್ಟ್ ಕೊನೆಯ ತನಕ ಇಲ್ಲೇ ಇರುತ್ತೇವೆ. ಹನಿ ಹಾಕುವುದು ನಾನು."

ಕಣ್ಣಿನ ಶಸ್ತ್ರಚಿಕಿತ್ಸೆ ಇಪ್ಪತ್ತು ನಿಮಿಷದ್ದು, ಆಮೇಲಿನ ಹನಿ ತಿಂಗಳುಗಟ್ಟಲೆ, ಆರಂಭದಲ್ಲಿ ದಿನಕ್ಕೆ ಹಲವು ಸಲ. ಒಬ್ಬರೇ ಇರುವ ಮುದುಕರು ಮುಂದೂಡುವುದು ಇದಕ್ಕೇ. ನಮ್ಮ ಸ್ಟೆಂಟ್ ಆಗಸ್ಟ್ 1ರಂದು ತೆಗೆದರು, ಅಮ್ಮನ ಬಲಗಣ್ಣು ಮರುದಿನ. ಒಂದೇ ವಾರದಲ್ಲಿ ಮನೆಯ ಇಬ್ಬರು ಮಂಗಳೂರಿನ ಎರಡು ಆಸ್ಪತ್ರೆಗಳಲ್ಲಿ. ಅಕ್ಕ ಶಿವಮೊಗ್ಗದಿಂದ ಘಾಟಿ ಇಳಿದು ಬಂದಳು.

ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಬಂದ ಅಮ್ಮ ಮೊದಲು ನೋಡಿದ್ದು ಅಡಿಗೆಮನೆಯ ಮಾಡು. "ಇಷ್ಟು ಬಲೆ ಕಟ್ಟಿದ್ದು ನನಗೆ ಒಬ್ಬರೂ ಹೇಳಲಿಲ್ಲವಲ್ಲ!" ಎಂದು ಕೋಲಿಗೆ ಹಿಡಿಸೂಡಿ ಕಟ್ಟಲು ಹೊರಟರು. ಬಗ್ಗಬಾರದು, ಧೂಳು ಬೀಳಬಾರದು ಎಂದು ತಡೆಯುವಷ್ಟರಲ್ಲಿ ಸಾಕುಬೇಕಾಯಿತು. ಬಲೆಯನ್ನು ನಾವು ಗುಡಿಸಿದೆವು. ಬಿಟ್ಟುಹೋದ ಮೂಲೆಗಳನ್ನು ಅಮ್ಮ ಕೆಳಗೆ ಕೂತು ಬೆರಳು ತೋರಿಸಿ ಹೇಳಿದರು.

ನಾವು ಆಗಸ್ಟ್ 6ರಂದು ಒಬ್ಬರೇ ಹಿಂತಿರುಗಿದೆವು. ಕಲ್ಲಿನ ಚೂರುಗಳನ್ನು ಪರೀಕ್ಷೆಗೆ ಕಳಿಸಿದ್ದ ವರದಿ ಆಮೇಲೆ ಬಂತು: ಮುಖ್ಯವಾಗಿ ಕ್ಯಾಲ್ಸಿಯಂ ಆಕ್ಸಲೇಟ್ ಮೊನೊಹೈಡ್ರೇಟ್, ಸ್ವಲ್ಪ ಯೂರಿಕ್ ಆಮ್ಲ. ಒಮ್ಮೆ ಬಂದವರಿಗೆ ಇನ್ನೊಮ್ಮೆ ಬರುವುದುಂಟು. ಇಟಲಿಯಲ್ಲಿ 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 2 ಲೀಟರು ಮೂತ್ರವಾಗುವಷ್ಟು ನೀರು ಕುಡಿದವರಲ್ಲಿ 5 ವರ್ಷದೊಳಗೆ ಮತ್ತೆ ಕಲ್ಲಾದದ್ದು ನೂರಕ್ಕೆ 12 ಮಂದಿಗೆ, ಹಾಗೆ ಕುಡಿಯದವರಲ್ಲಿ 27 ಮಂದಿಗೆ. ಲೆಕ್ಕ ಇರುವುದು ಹೊರಗೆ ಹೋದ ನೀರಿನದು. ಇಲ್ಲಿನ ಬೇಸಗೆಯಲ್ಲಿ ಅಷ್ಟು ಹೊರಗೆ ಹೋಗಬೇಕಾದರೆ ಮೂರು ಲೀಟರಿಗೂ ಮೇಲೆ ಕುಡಿಯಬೇಕಾಗುತ್ತದೆ. ನಿಂಬೆಹಣ್ಣು ಹಿಂಡಿದರೆ ಸಿಟ್ರೇಟೂ ಸಿಕ್ಕಿತು. ಉಪ್ಪು ಸಕ್ಕರೆ ಬೇಡ.

ಅಮ್ಮನ ಎಡಗಣ್ಣು ದೀಪಾವಳಿಯ ನಂತರ ಆಯಿತು. ಆಗ ನಮಗೆ ರಜೆ ಸಿಗಲಿಲ್ಲ, ಅಕ್ಕ ಹದಿನೈದು ದಿನ ಬಂದಿದ್ದಳು, ಮಿಕ್ಕ ದಿನ ಅಮ್ಮ ತಾವೇ ಕನ್ನಡಿ ಹಿಡಿದು ಹನಿ ಹಾಕಿಕೊಂಡರು. ಈಗ ಪೇಪರಿನ ಮರಣವಾರ್ತೆಯ ಪುಟವನ್ನು ಮೊದಲು ಓದಿ, ಯಾರು ಯಾರು ಹೋದರೆಂದು ಪ್ರತಿ ಶುಕ್ರವಾರ ಫೋನಿನಲ್ಲಿ ನಮಗೆ ವರದಿ ಒಪ್ಪಿಸುತ್ತಾರೆ. ಹುರುಳಿ ಕಟ್ಟಿನ ಸಾರು ಮಾಡುವ ಕ್ರಮ ಬೇಕಾದವರು ಮುಂದಿನ ತಿಂಗಳ ಕೂಟದಲ್ಲಿ ಶ್ರೀಮತಿಯವರನ್ನು ಕೇಳಬಹುದು. ಪತ್ರೊಡೆಯದನ್ನೂ ಅವರು ಹೇಳಿಕೊಡುತ್ತಾರೆ, ಮೊಸರು ನಿಮ್ಮದು.