ಸುತ್ತಲೂ ಕಾಣುವ ವಿಡಿಯೊ: ಯೂನಿಟಿಯಲ್ಲಿ ಜೋಡಿಸುವ ಬಗೆ

ಮೊಂತಿ ಹಬ್ಬದ ದಿನ ಮಕ್ಕಳು ಬಾಲೆ ಮರಿಯಮ್ಮನವರ ಪ್ರತಿಮೆಗೆ ಹೂ ಎರಚುವುದನ್ನು ಸಾಮಾನ್ಯ ಕ್ಯಾಮೆರಾದಲ್ಲಿ ಹಿಡಿದರೆ ಒಂದು ಬದಿ ಮಾತ್ರ ಸಿಗುತ್ತದೆ. 360 ಡಿಗ್ರಿ ಕ್ಯಾಮೆರಾವನ್ನು ನಡುವೆ ಇರಿಸಿದರೆ ನಾಲ್ಕೂ ದಿಕ್ಕು ಒಟ್ಟಿಗೆ ದಾಖಲಾಗುತ್ತದೆ. ಹಾಸಿಗೆ ಹಿಡಿದು ವರ್ಷಗಟ್ಟಲೆ ಹಬ್ಬಕ್ಕೆ ಬರಲಾಗದ ಹಿರಿಯರು ತಾವು ತಲೆ ತಿರುಗಿಸಿದ ಕಡೆ ನೋಡಬಹುದು. ಹೀಗೆ ತೆಗೆದ ವಿಡಿಯೊವನ್ನು ಯೂನಿಟಿ ಎಂಬ ಗೇಮ್ ಇಂಜಿನ್‌ನಲ್ಲಿ ತೋರಿಸುವುದು ಹೇಗೆ ಎಂಬುದನ್ನು ನಮ್ಮ ಯುವಜನರು ಕೇಳುತ್ತಿರುತ್ತಾರೆ. ಅವರಿಗಾಗಿ ಈ ವಿವರಣೆ.

ಮೊದಲು ಫೈಲಿನ ಸ್ವರೂಪವನ್ನು ತಿಳಿಯಬೇಕು. ಶಾಲೆಯ ಗೋಡೆಯ ಮೇಲಿನ ಪ್ರಪಂಚ ಭೂಪಟವನ್ನು ನೆನಪಿಸಿಕೊಳ್ಳಿ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದ್ದರಿಂದ ಧ್ರುವದ ಬಳಿಯ ಪ್ರದೇಶಗಳು ಎಳೆದಂತೆ ದೊಡ್ಡದಾಗಿ ಕಾಣುತ್ತವೆ. ಈ ವಿಡಿಯೊವೂ ಹಾಗೆಯೇ: ಅಗಲ 360 ಡಿಗ್ರಿ, ಎತ್ತರ 180 ಡಿಗ್ರಿ, ಆದ್ದರಿಂದ ಅಳತೆ ಸಾಮಾನ್ಯವಾಗಿ 2:1. ಸಾಮಾನ್ಯ ಪ್ಲೇಯರ್‌ನಲ್ಲಿ ನೋಡಿದರೆ ಮಾಡು, ನೆಲ ಎರಡೂ ಸೊಟ್ಟಗೆ ಕಾಣುವುದು ಇದೇ ಕಾರಣಕ್ಕೆ. ಅದನ್ನು ಮತ್ತೆ ಗೋಳಕ್ಕೆ ಸುತ್ತುವುದೇ ಯೂನಿಟಿಯ ಕೆಲಸ. ಇದಕ್ಕೆ ಬೇಕಾದ ವಿಡಿಯೊ ಪ್ಲೇಯರ್ ಯೂನಿಟಿಯಲ್ಲಿ 2017ರಿಂದ ಇದೆ. ಆ ವರ್ಷದ ಕೊನೆಗೆ ಬಂದ 2017.3 ಆವೃತ್ತಿಯಿಂದ 360 ಡಿಗ್ರಿ ವಿಡಿಯೊಗೆ ಪ್ರತ್ಯೇಕ ಸೌಲಭ್ಯವೂ ಸೇರಿತು.

ವಿಡಿಯೊ ಫೈಲನ್ನು ಪ್ರಾಜೆಕ್ಟ್ ಕಿಟಕಿಗೆ ಎಳೆದು ಹಾಕಿ, ಬಳಿಕ ಸೀನ್‌ಗೆ ಎಳೆಯಿರಿ. ವಿಡಿಯೊ ಪ್ಲೇಯರ್ ತಾನಾಗಿ ಬರುತ್ತದೆ. ಪುನಃ ಪುನಃ ಓಡಬೇಕಾದರೆ ಲೂಪ್‌ಗೆ ಗುರುತು ಹಾಕಿ. ನಂತರ ರೆಂಡರ್ ಟೆಕ್ಸ್ಚರ್ ಒಂದನ್ನು ರಚಿಸಿ. ಇದನ್ನು ಬಿಳಿ ಪರದೆ ಎಂದು ತಿಳಿಯಿರಿ. ಪ್ಲೇಯರ್ ಇದರ ಮೇಲೆ ಚಿತ್ರ ಬಿಡುತ್ತದೆ. ಪ್ಲೇಯರ್‌ನ ರೆಂಡರ್ ಮೋಡ್‌ನಲ್ಲಿ ರೆಂಡರ್ ಟೆಕ್ಸ್ಚರ್ ಆರಿಸಿ, ಟಾರ್ಗೆಟ್ ಟೆಕ್ಸ್ಚರ್ ಎಂಬಲ್ಲಿಗೆ ಈ ಪರದೆಯನ್ನು ಎಳೆಯಿರಿ.

ಇಲ್ಲಿ ನಾನು ಎಡವಿದ್ದೇನೆ. ಹೊಸ ರೆಂಡರ್ ಟೆಕ್ಸ್ಚರ್‌ನ ಅಳತೆ ತಾನಾಗಿ 256 ಗುಣಿಸು 256 ಆಗಿರುತ್ತದೆ. ಅದನ್ನು ಬದಲಿಸದೆ, ನೆರೆಮನೆಯ ಅಜ್ಜಿಯ ಕಣ್ಣಿಗೆ ಹೆಡ್‌ಸೆಟ್ ಕಟ್ಟಿದೆ. ‘ಮಗಾ, ನನ್ನ ಪೊರೆ ಪುನಃ ಬಂತಾ?’ ಎಂದು ಅವರು ಗಾಬರಿಯಾದರು. ತಪ್ಪು ಅವರ ಕಣ್ಣಿನದಲ್ಲ, ನನ್ನದು. ವಿಡಿಯೊ 3840 ಗುಣಿಸು 1920 ಇದ್ದರೆ ಪರದೆಯೂ ಅಷ್ಟೇ ಇರಬೇಕು. ಡೆಪ್ತ್ ಬಫರ್ ಬೇಡ.

ಸ್ಪಷ್ಟತೆಯ ಲೆಕ್ಕ ಸರಳ. ಒಮ್ಮೆಗೆ ಕಣ್ಣಿಗೆ ಸುಮಾರು 90 ಡಿಗ್ರಿ ಕಾಣುತ್ತದೆಂದು ಹಿಡಿಯಿರಿ. ಆಗ 3840 ಬಿಂದುಗಳ ಕಾಲು ಭಾಗ, ಅಂದರೆ 960 ಮಾತ್ರ ಎದುರಿಗಿರುತ್ತವೆ. ಹೆಸರಿಗೆ 4ಕೆ ಆದರೂ ಕಾಣುವುದು ಇಷ್ಟೇ. ಹಾಗೆಂದು 8ಕೆ ಹಾಕಿದರೆ ಅನೇಕ ಯಂತ್ರಗಳು ತಡವರಿಸುತ್ತವೆ. ತೋರಿಸಲಿರುವ ಯಂತ್ರದಲ್ಲೇ ಮೊದಲು ಓಡಿಸಿ ನೋಡುವುದು ಲೇಸು.

ಮುಂದೆ ಹೊಸ ಮೆಟೀರಿಯಲ್ ರಚಿಸಿ, ಶೇಡರ್ ಪಟ್ಟಿಯಲ್ಲಿ ಸ್ಕೈಬಾಕ್ಸ್ ಒಳಗಿನ ಪನೋರಮಿಕ್ ಆರಿಸಿ, ಅದರ ಚಿತ್ರದ ಜಾಗಕ್ಕೆ ರೆಂಡರ್ ಟೆಕ್ಸ್ಚರ್ ಹಾಕಿ. ಮ್ಯಾಪಿಂಗ್ ಲ್ಯಾಟಿಟ್ಯೂಡ್ ಲಾಂಜಿಟ್ಯೂಡ್ ಲೇಔಟ್ ಆಗಿರಲಿ, ಇಮೇಜ್ ಟೈಪ್ 360 ಇರಲಿ. ಮುಂಭಾಗ ಮಾತ್ರ ಚಿತ್ರಿಸುವ ಕ್ಯಾಮೆರಾ ಆದರೆ 180. ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರವಿರುವ ತ್ರೀಡಿ ವಿಡಿಯೊ ಆದರೆ ಅವು ಅಕ್ಕಪಕ್ಕ ಇವೆಯೋ ಮೇಲೆ ಕೆಳಗೆ ಇವೆಯೋ ನೋಡಿ ತ್ರೀಡಿ ಲೇಔಟ್ ಹೊಂದಿಸಿ. ಇದನ್ನು ಮರೆತರೆ ಒಂದೇ ಮೆರವಣಿಗೆ ಎರಡು ಮೆರವಣಿಗೆಯಾಗುತ್ತದೆ! ಕೊನೆಗೆ ಲೈಟಿಂಗ್ ಕಿಟಕಿಯ ಎನ್ವಿರಾನ್‌ಮೆಂಟ್ ವಿಭಾಗದಲ್ಲಿ ಈ ಮೆಟೀರಿಯಲನ್ನು ಸ್ಕೈಬಾಕ್ಸ್ ಆಗಿ ಕೊಟ್ಟು ಪ್ಲೇ ಒತ್ತಿ.

ನೋಡುವವರು ತಲೆ ತಿರುಗಿಸಬಹುದು, ಆದರೆ ದೃಶ್ಯದೊಳಗೆ ಒಂದು ಹೆಜ್ಜೆ ಮುಂದೆ ಹೋಗಲಾರರು. ಕ್ಯಾಮೆರಾ ಎಲ್ಲಿತ್ತೋ ಅವರೂ ಅಲ್ಲೇ. ಆದ್ದರಿಂದ ಚಿತ್ರೀಕರಣದ ದಿನ ಕ್ಯಾಮೆರಾ ಹಿಡಿದು ನಡೆದಾಡಬೇಡಿ, ನೋಡುವವರಿಗೆ ತಲೆಸುತ್ತು ಬರುತ್ತದೆ. ಸ್ಟ್ಯಾಂಡ್ ಮೇಲೆ ನೇರವಾಗಿ ನಿಲ್ಲಿಸಿ. ಅಜ್ಜಿ ನೋಡುವುದು ಕುಳಿತುಕೊಂಡು ತಾನೇ? ಎತ್ತರವೂ ಬೆಂಚಿನಲ್ಲಿ ಕುಳಿತವರ ಕಣ್ಣಿನ ಮಟ್ಟಕ್ಕಿರಲಿ.