ನಮ್ಮ ಮನೆಯ ಮ್ಯಾಟಿನಿ ಷೋ

ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ 'ಇದು ನನ್ನದೇ ಹೊತ್ತು' ಅಂತ ನೀವು ಹೇಳಿಕೊಳ್ಳುವುದು ಯಾವುದನ್ನು, ಸೋದರಿಯರೇ? ಬೆಳಗಿನ ಹೊತ್ತು ದೋಸೆ ಕಾವಲಿಯದು, ಸಂಜೆ ದೇವರ ದೀಪದ್ದು, ರಾತ್ರಿ ನಾಳೆಗೆಂದು ನೆನೆಹಾಕುವ ಅಕ್ಕಿ ಉದ್ದಿನದು. ನಮ್ಮ ಪಾಲಿಗೆ ಉಳಿಯುವುದು ಮಧ್ಯಾಹ್ನ ಎರಡೂವರೆಯಿಂದ ಐದರವರೆಗೆ ಮಾತ್ರ, ಅಲ್ಲವೇ? ಹೊನ್ನಾವರದ ನಮ್ಮ ಮನೆಯಲ್ಲಿ ಒಂದು ವರ್ಷದಿಂದ ಪ್ರತಿ ಬುಧವಾರ ಆ ಹೊತ್ತಿನಲ್ಲಿ ಮ್ಯಾಟಿನಿ ಷೋ ನಡೆಯುತ್ತಿದೆ. ಮಂಗಳೂರಿನಲ್ಲಿ ಓದುವ ಮಗಳು ರಜೆಗೆ ಬಂದವಳು ಟೀವಿಗೆ ಇಂಟರ್‌ನೆಟ್ ಜೋಡಿಸಿ, ಯಾವ ಗುಂಡಿ ಒತ್ತಿದರೆ ಏನು ಬರುತ್ತದೆ ಅಂತ ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟು ಹೋದಳು. ಅಲ್ಲಿಂದ ಶುರು ನೋಡಿ ನಮ್ಮ ಟಾಕೀಸು.

ಪ್ರೇಕ್ಷಕರು ನಾಲ್ಕೇ ಮಂದಿ. ನಾನು, ಪಕ್ಕದ ಮನೆಯ ಕೊಂಕಣಿ ಮಾತಾಡುವ ಅಕ್ಕ, ಹಿಂದಿನ ಕೇರಿಯಲ್ಲಿ ಬ್ಲೌಸು ಹೊಲಿಯುವಾಕೆ, ಮತ್ತೆ ಮೂಲೆಯ ಆರಾಮ ಕುರ್ಚಿಯಲ್ಲಿ ನಮ್ಮ ಅತ್ತೆ. ಇಂಟರ್‌ವಲ್ಲಿಗೆ ಹಲಸಿನ ಹಪ್ಪಳ, ಮುರುಗಲ ಹಣ್ಣಿನ ಶರಬತ್ತು. "ಸಿನೆಮಾ ನೋಡಿ ನೋಡಿ ಹಾಳಾಗ್ತೀರಿ" ಅಂತ ನಮ್ಮನೆಯವರು ನಗೆಯಾಡುತ್ತಾರೆ. ಆದರೆ ಬುಧವಾರ ಮಾತ್ರ ಅವರ ಅಂಗಡಿಯ ಬಾಗಿಲು ಮಧ್ಯಾಹ್ನ ಅರ್ಧ ತಾಸು ಬೇಗ ಮುಚ್ಚುತ್ತದೆ!

ಅತ್ತೆಗೆ ಈಗ ಎಪ್ಪತ್ತೆಂಟು. ಎರಡು ವರ್ಷದಿಂದ ಅವರಿಗೆ ಮರೆವು. "ಮಾಣಿ ಶಾಲೆಯಿಂದ ಬಂದ್ನನೇ?" ಅಂತ ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಅವರ ಮಾಣಿ ಅಂದರೆ ನಮ್ಮನೆಯವರು. ಅವರಿಗೆ ಈಗ ಐವತ್ತಾಯಿತು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬರತೊಡಗಿತು. ಆ ಮಾತಿಗೆ ಮುಂದೆ ಬರುತ್ತೇನೆ.

ನಾನು ವಿಮರ್ಶಕಿಯೇನಲ್ಲ, ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಕೆಮರಾ, ಎಡಿಟಿಂಗ್ ನನಗೆ ತಿಳಿಯದು. ಚಿತ್ರ ಮುಗಿದ ಮೇಲೆ ಪಾತ್ರೆ ತೊಳೆಯುವಾಗಲೂ ಅದು ಮನಸ್ಸಿನಲ್ಲಿ ಉಳಿಯಿತೋ ಇಲ್ಲವೋ, ನನ್ನ ಅಳತೆಗೋಲು ಅಷ್ಟೇ. ಹಾಗೆ ಉಳಿದ ಕೆಲವನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ನಮ್ಮ ಊರ ಕಡೆಯ ಹುಡುಗರು

ಮೊದಲ ಬುಧವಾರ ನೋಡಿದ್ದು 'ಮಿಂಚಿನ ಓಟ'. 1980ರ ಚಿತ್ರ. ಶಂಕರ್‌ನಾಗ್ ನಿರ್ದೇಶಿಸಿ, ಅಣ್ಣ ಅನಂತನಾಗ್ ಜೊತೆ ತಾವೂ ಅಭಿನಯಿಸಿದ್ದು. ಶಂಕರ್ ಹುಟ್ಟಿದ್ದು 1954ರಲ್ಲಿ, ನಮ್ಮ ಹೊನ್ನಾವರದಲ್ಲಿ. ಅನಂತನಾಗ್ ಬಾಲ್ಯದಲ್ಲಿ ಭಟ್ಕಳ ತಾಲೂಕಿನ ಶಿರಾಲಿಯ ಚಿತ್ರಾಪುರ ಮಠದಲ್ಲಿ ಕಲಿತವರು. ಹಾಗಾಗಿ ಅವರು ಪರದೆಯ ಮೇಲೆ ಬಂದರೆ ಸಾಕು, ಅತ್ತೆ "ನಮ್ಮ ಶಿರಾಲಿ ಮಾಣಿ" ಅನ್ನುತ್ತಾರೆ. ಎಷ್ಟೆಲ್ಲ ಮರೆತರೂ ಇದೊಂದು ಮರೆತಿಲ್ಲ ನೋಡಿ. 2025ರಲ್ಲಿ ಆ ಶಿರಾಲಿ ಮಾಣಿಗೆ ಪದ್ಮಭೂಷಣ ಬಂದಾಗ ನಾವು ಪಾಯಸ ಮಾಡಿ ಉಂಡೆವು.

ಶಂಕರ್‌ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ, ಕಾರು ಅಪಘಾತದಲ್ಲಿ. ನಾನಾಗ ನಾಲ್ಕನೇ ಕ್ಲಾಸು. ನಮ್ಮ ಆಯಿ ಹಾಲು ಕಾಯಿಸಲಿಟ್ಟು ಸುದ್ದಿ ಕೇಳುತ್ತ ನಿಂತವಳು, ಹಾಲು ಉಕ್ಕಿ ಒಲೆ ಆರಿದರೂ ಕದಲಲಿಲ್ಲ. ಬದುಕಿದ್ದು ಮೂವತ್ತೈದೇ ವರ್ಷ. ಅಷ್ಟರಲ್ಲೇ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿ ತೆಗೆದರು, 'ಆಕ್ಸಿಡೆಂಟ್' ತೆಗೆದರು. ಕುಡಿದು ಕಾರು ಓಡಿಸುವ ದೊಡ್ಡವರ ಮಗ, ಫುಟ್‌ಪಾತಿನ ಮೇಲೆ ಮಲಗಿದ ಬಡವರು. 1985ರ ಆ ಕಥೆ ಇವತ್ತಿನ ಪತ್ರಿಕೆಯಲ್ಲೂ ಓದಿದ ಹಾಗೇ ಇದೆ. ಗಂಡುಮಕ್ಕಳಿಗೆ ಬೈಕು ಕೊಡಿಸುವ ಮುಂಚೆ ಈ ಚಿತ್ರ ತೋರಿಸಿ ಅಂತ ನನ್ನ ಸಲಹೆ.

ನಮ್ಮ ಹೊಳೆಯ ಮೇಲಣ ಕಥೆ

ನನ್ನನ್ನು ಬಹಳ ಕಾಡಿದ್ದು ಗಿರೀಶ ಕಾಸರವಳ್ಳಿಯವರ 'ದ್ವೀಪ'. ಸ್ವರ್ಣಕಮಲ ಪಡೆದ ಚಿತ್ರ. ನಟಿ ಸೌಂದರ್ಯ ತಾವೇ ನಿರ್ಮಿಸಿ, ನಾಗಿಯ ಪಾತ್ರ ಮಾಡಿದ್ದಾರೆ. 2004ರಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟರು, ಪಾಪ. ಕಥೆ ಸಾಗರದ ನಾ. ಡಿಸೋಜ ಅವರದು. ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡು ಬರೆದವರು. ಅವರೂ 2025ರಲ್ಲಿ ತೀರಿಕೊಂಡರು.

ಅಣೆಕಟ್ಟೆಯ ನೀರು ಏರುತ್ತ ಊರವರೆಲ್ಲ ಪರಿಹಾರ ತೆಗೆದುಕೊಂಡು ಹೋದ ಮೇಲೂ ಗಣಪ, ಅವನ ಹೆಂಡತಿ ನಾಗಿ, ಮುದಿ ತಂದೆ ದುಗ್ಗಜ್ಜ ಗುಡ್ಡದ ಮೇಲೆ ಉಳಿಯುತ್ತಾರೆ. ಮಳೆಯೋ ಮಳೆ. ಸುತ್ತ ನೀರು. ಮನೆ ಉಳಿಸಲು ನಾಗಿ ಹಗಲು ರಾತ್ರಿ ಪಡುವ ಪಾಡು ನೋಡಬೇಕು ನೀವು. ಕೊನೆಗೆ ನೀರು ಇಳಿಯುತ್ತದೆ. ಆಗ ಗಂಡ ಏನನ್ನುತ್ತಾನೆ? ಎಲ್ಲಾ ದೇವರ ದಯೆ ಅನ್ನುತ್ತಾನೆ! ನಾಗಿಯ ಮುಖ ಆಗ ಹೇಗಾಗುತ್ತದೆ ಅಂತ ನಾನು ಬರೆದು ತೋರಿಸಲಾರೆ.

ಷೋ ಮುಗಿದ ಮೇಲೆ ಬ್ಲೌಸು ಹೊಲಿಯುವಾಕೆ ಮೆಲ್ಲಗೆ ಹೇಳಿದಳು: "ನಮ್ಮಲ್ಲೂ ಹಾಗೇ ಅಲ್ಲದಾ ಅಕ್ಕಾ? ಮಿಶನ್ ತುಳಿದು ಸಾಲ ತೀರಿಸಿದ್ದು ನಾನು. ಇವರು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ್ರು." ಎಲ್ಲರೂ ನಕ್ಕೆವು. ಆದರೆ ನಗು ಬೇಗ ನಿಂತಿತು.

ನಾವು ಶರಾವತಿ ಸಮುದ್ರ ಸೇರುವ ಕಡೆ ಇರುವವರು. ಲಿಂಗನಮಕ್ಕಿಯ ಬಾಗಿಲು ತೆರೆಯುತ್ತಾರೆಂಬ ಸುದ್ದಿ ಬಂದರೆ ನಮ್ಮ ಹೊಳೆದಂಡೆಯ ಹಳ್ಳಿಗಳಿಗೆ ನಿದ್ದೆ ಇಲ್ಲ. ಆದರೆ 1964ರಲ್ಲಿ ಆ ಕಟ್ಟೆ ಎದ್ದಾಗ ಮೇಲಿನವರು ಮನೆ, ತೋಟ, ದೇವಸ್ಥಾನವನ್ನೇ ಬಿಟ್ಟು ಹೋದರು ಎಂಬುದನ್ನು ನಾವು ಸ್ವಿಚ್ಚು ಒತ್ತುವಾಗ ನೆನೆಯುತ್ತೇವೆಯೇ? ನಾನಂತೂ ನೆನೆದಿರಲಿಲ್ಲ.

ಗುಲಾಬಿಯ ಟೀವಿ

'ಗುಲಾಬಿ ಟಾಕೀಸು' 2008ರ ಚಿತ್ರ. ಕುಂದಾಪುರದ ವೈದೇಹಿಯವರ ಕಥೆಯಿಂದ ಹುಟ್ಟಿದ್ದು. ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ, ಚಿತ್ರದಲ್ಲಿ ಬಣ್ಣದ ಟೀವಿ ಬರುತ್ತದೆ. ಸೂಲಗಿತ್ತಿ ಗುಲಾಬಿಗೆ ಸಿನೆಮಾದ ಹುಚ್ಚು. ಗಂಡ ಬಿಟ್ಟು ಬೇರೆ ಸಂಸಾರ ಹೂಡಿದ್ದಾನೆ. ಹೆರಿಗೆ ಮಾಡಿಸಿದ್ದಕ್ಕೆ ಟೀವಿ ಸಿಕ್ಕಾಗ ಅವಳ ಒಂಟಿ ಗುಡಿಸಲಿಗೆ ಮೀನುಗಾರರ ಕೇರಿಯ ಹೆಂಗಸರೆಲ್ಲ ಬಂದು ಸೇರುತ್ತಾರೆ. ಕಾರ್ಗಿಲ್ ಯುದ್ಧದ ಕಾಲ. ಗಂಡಸರ ಮೀನು ವ್ಯಾಪಾರದ ಜಗಳಕ್ಕೆ ಜಾತಿ-ಮತದ ಬಣ್ಣ ಬರುತ್ತದೆ. ಎಷ್ಟೋ ಮಕ್ಕಳನ್ನು ಕೈಯಲ್ಲಿ ಹಿಡಿದ ಗುಲಾಬಿಯನ್ನು ಕೊನೆಗೆ ದೋಣಿ ಹತ್ತಿಸಿ ಕಳಿಸುತ್ತಾರೆ. ಟೀವಿ ಮಾತ್ರ ಅಲ್ಲೇ ಉಳಿಯುತ್ತದೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. "ನಾವು ಇಲ್ಲಿ ಕೂತು ನೋಡ್ತಿರುವುದೂ ಹಾಗೇ ಅಲ್ವಾ" ಅಂತ ಕೊಂಕಣಿ ಅಕ್ಕ ಅಂದಾಗ ನನಗೆ ಹಪ್ಪಳ ಗಂಟಲಲ್ಲಿ ಇಳಿಯಲಿಲ್ಲ.

ಹೊಸ ಚಿತ್ರಗಳು

ಹೊಸತು ಏನೂ ನೋಡುವುದಿಲ್ಲವೇ ಅಂತ ಕೇಳಬೇಡಿ. 2022ರ 'ಕಾಂತಾರ' ನೋಡಿದೆವು. ಕುಂದಾಪುರದ ಕಡೆಯ ಮಾತು, ಕಂಬಳ, ದೈವ. ಭಟ್ಕಳದವರಿಗೆ ನೆರೆಮನೆಯ ಹಾಗೇ. ಕೊನೆಯ ಇಪ್ಪತ್ತು ನಿಮಿಷ ಅತ್ತೆ ಕುರ್ಚಿಯಲ್ಲೇ ಕೈ ಮುಗಿದು ಕೂತಿದ್ದರು. ರಿಷಬ್ ಶೆಟ್ಟರಿಗೆ ರಾಷ್ಟ್ರಪ್ರಶಸ್ತಿ ಸಂದದ್ದು ನ್ಯಾಯವೇ. ಆದರೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಾಯಕ ಲೀಲಾಳ ಸೊಂಟ ಚಿವುಟುವುದನ್ನು ತಮಾಷೆ ಅಂತ ತೋರಿಸಿದ್ದಾರಲ್ಲ, ಅದು ತಮಾಷೆಯೇ? ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳ ತಾಯಂದಿರನ್ನು ಕೇಳಿ.

ಅದಕ್ಕೇ 2025ರಲ್ಲಿ ಬಂದ 'ಸು ಫ್ರಮ್ ಸೋ' ನನಗೆ ಹೆಚ್ಚು ಹಿಡಿಸಿತು. ನಿರ್ದೇಶಕ ಜೆ.ಪಿ. ತುಮಿನಾಡು. ಹುಡುಗನೊಬ್ಬ ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದ ಹಾಗೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರೆಲ್ಲ ನಂಬುತ್ತದೆ. ಹೊಟ್ಟೆ ಹುಣ್ಣಾಗುವಷ್ಟು ನಗು. ನಗುತ್ತ ನಗುತ್ತ, ಒಂಟಿ ಹೆಣ್ಣುಮಗಳಿಗೆ ಮನೆಯವರಿಂದಲೇ ಬರುವ ಕಷ್ಟದ ಕಡೆ ಕಥೆ ತಿರುಗುತ್ತದೆ. ಮುಂದಿನದನ್ನು ಹೇಳುವುದಿಲ್ಲ, ನೀವೇ ನೋಡಿ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬಹುದು.

ಅತ್ತೆಯ ಸೀರೆಯ ಬಣ್ಣ

ಈಗ ಆಗಲೇ ಬಾಕಿ ಇಟ್ಟ ಮಾತು.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ಅತ್ತೆ ಅದೇ ಪ್ರಶ್ನೆ ಕೇಳಿದರು. ನನಗೆ ಅವತ್ತು ತಲೆನೋವು, ಒಗೆದ ಬಟ್ಟೆ ಒಣಗಿರಲಿಲ್ಲ. "ಎಷ್ಟು ಸಲ ಹೇಳೂದು ನಿಮಗೆ? ಬಾಯಿ ಮುಚ್ಚಿ ಕೂತ್ಕಳಿ" ಅಂದುಬಿಟ್ಟೆ. ಅತ್ತೆ ಸುಮ್ಮನಾದರು. ನಾನು ಹೋಗಿ ಮಲಗಿದೆ. ನಾಲ್ಕು ಗಂಟೆಗೆ ಚಹಾ ಕೊಡಲು ಬಂದರೆ ಕುರ್ಚಿ ಖಾಲಿ.

ತೋಟ, ಬಾವಿಕಟ್ಟೆ, ದೇವಸ್ಥಾನ, ಎಲ್ಲೂ ಇಲ್ಲ. ನಮ್ಮನೆಯವರು ಅಂಗಡಿ ಹಾಗೇ ಬಿಟ್ಟು ಓಡಿ ಬಂದರು. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಕೇಳಿದರು, "ಯಾವ ಸೀರೆ ಉಟ್ಟಿದ್ರು?" ನಾನು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಬೆಳಿಗ್ಗೆಯಿಂದ ಐದು ಸಲ ಅವರ ಮುಂದೆ ತಟ್ಟೆ ಲೋಟ ಇಟ್ಟವಳು ನಾನು. ಸೀರೆಯ ಬಣ್ಣ ನನಗೆ ಗೊತ್ತಿರಲಿಲ್ಲ! ಒಂದು ಸಲವೂ ಮುಖವೆತ್ತಿ ನೋಡಿರಲಿಲ್ಲ.

ಎರಡು ತಾಸಿನ ಮೇಲೆ ಫೋನು ಬಂತು. ಅತ್ತೆ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿದ್ದರು. ಅವರ ತವರು ಕುಮಟಾದ ಕಡೆ. ಸೊಂಟದ ಚೀಲದಲ್ಲಿ ಆಧಾರ್ ಕಾರ್ಡು ಇತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ, ಕಾರ್ಡು ತೋರಿಸಿ ಹತ್ತಿದ್ದರು. ಇಳಿದ ಮೇಲೆ ಎಲ್ಲಿಗೆ ಹೋಗಬೇಕೆಂದು ಮರೆತುಹೋಯಿತು. ಭಟ್ಕಳದ ಬಸ್ಸಿಗೆ ಕಾಯುತ್ತಿದ್ದ ಬುರ್ಖಾ ಹಾಕಿದ ಹೆಂಗಸೊಬ್ಬರು ಅವರನ್ನು ಕೂರಿಸಿ, ಚಹಾ ಬಿಸ್ಕೀಟು ಕೊಡಿಸಿ, ಕಾರ್ಡಿನ ವಿಳಾಸ ಓದಿದ್ದರು. ಅದರಲ್ಲಿ ಫೋನ್ ನಂಬರು ಇಲ್ಲ. ಹೊನ್ನಾವರದ ಕಂಡಕ್ಟರೊಬ್ಬರನ್ನು ಹುಡುಕಿ ಕೇಳಿದ್ದರು. ಅವರು ನಮ್ಮ ಪೇಟೆಗೆ ಫೋನು ಮಾಡಿದರು. ನಾವು ಹೋಗುವ ತನಕ ಆಕೆ ತಮ್ಮ ಎರಡು ಬಸ್ಸು ಬಿಟ್ಟು ಕೂತಿದ್ದರು. ನಾನು ಕೈ ಹಿಡಿದರೆ, "ನಮ್ಮ ಮನೆಯಲ್ಲೂ ಅಮ್ಮ ಇದ್ದಾರೆ" ಅಂದರಷ್ಟೇ. ಅಂದ ಹಾಗೆ, ಅತ್ತೆ ಉಟ್ಟಿದ್ದು ನೇರಳೆ ಬಣ್ಣದ ಸೀರೆ.

ಮಗಳಿಗೆ ಫೋನಿನಲ್ಲಿ ಎಲ್ಲ ಹೇಳಿದಾಗ ಅವಳು, "ಅಮ್ಮಾ, 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನೋಡು" ಅಂದಳು. ಹೇಮಂತ್ ರಾವ್ ಅವರ 2016ರ ಚಿತ್ರ. ಹೆಸರೇ ಕಾಣೆಯಾದವರ ಪ್ರಕಟಣೆಯ ಭಾಷೆ ನೋಡಿ. ಅಲ್ಜೈಮರ್ ಎಂಬ ಮರೆವಿನ ಕಾಯಿಲೆಯ ವೆಂಕೋಬರಾವ್ ಆಗಿ ಅನಂತನಾಗ್. ಮುಂಬಯಿಯ ಕೆಲಸದಲ್ಲಿ ಮುಳುಗಿದ ಮಗನಾಗಿ ರಕ್ಷಿತ್ ಶೆಟ್ಟಿ. ಆರೈಕೆಯ ಮನೆಯಲ್ಲಿದ್ದ ತಂದೆಯನ್ನು ಹೊರಗೆ ಕರೆತಂದ ಮಗ, ಅವರನ್ನು ಕಳೆದುಕೊಳ್ಳುತ್ತಾನೆ. ಅಪ್ಪ ಹೇಗಿದ್ದರು ಅಂತ ಹೇಳಲು ಹೊರಟರೆ ಅವನಿಗೆ ಗೊತ್ತಿರುವುದು ಅಷ್ಟೇ, ಗೋಧಿ ಬಣ್ಣ, ಸಾಧಾರಣ ಮೈಕಟ್ಟು. ಅಪ್ಪ ಯಾರು ಅನ್ನುವುದನ್ನು ಅವನು ಹುಡುಕುತ್ತ ಹುಡುಕುತ್ತ ಕಲಿಯಬೇಕಾಗುತ್ತದೆ. ಕೊಲೆಗಡುಕರ ಭಾಗ ಸ್ವಲ್ಪ ಉದ್ದವಾಯಿತು ಅಂತ ನನ್ನ ಅಭಿಪ್ರಾಯ. ಆದರೆ ಅನಂತನಾಗ್ ಅವರ ಆ ಬರಿದಾದ ನೋಟ! ಅದು ನಮ್ಮ ಮನೆಯ ಮೂಲೆಯ ಕುರ್ಚಿಯಲ್ಲಿ ನಾನು ದಿನಾ ಕಾಣುವ ನೋಟ. ಅವತ್ತು ನಾನು ಅತ್ತುಬಿಟ್ಟೆ. ಅತ್ತೆ ನನ್ನ ಕಡೆ ತಿರುಗಿ, "ಎಂತಕ್ಕೆ ಅಳ್ತೆ ತಂಗಿ?" ಅಂತ ಸೆರಗಿನಿಂದ ಕಣ್ಣೊರೆಸಿದರು. ನಾನು ಗದರಿದ್ದು ಅವರಿಗೆ ನೆನಪಿರಲಿಲ್ಲ. ನನಗೆ ನೆನಪಿದೆ.

ಮನೆಯಲ್ಲಿ ಮರೆವಿನ ಹಿರಿಯರಿದ್ದರೆ

ನಾವು ಪಾಠ ಕಲಿತದ್ದು ತಡವಾಗಿ. ನಿಮಗೆ ಹಾಗಾಗದಿರಲಿ ಎಂದು ಬರೆಯುತ್ತೇನೆ. "ವಯಸ್ಸಾಯ್ತು, ಅರಳು ಮರಳು" ಅಂತ ಬಿಡಬೇಡಿ, ಒಮ್ಮೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧ ಇದೆ. ಅಲ್ಜೈಮರ್‌ ಪೂರ್ತಿ ಗುಣವಾಗದಿದ್ದರೂ ಹೇಗೆ ನೋಡಿಕೊಳ್ಳಬೇಕೆಂದು ತಿಳಿಯುತ್ತದೆ. ಮನೆಯ ಫೋನ್ ನಂಬರನ್ನು ಬಟ್ಟೆಯ ತುಂಡಿನ ಮೇಲೆ ಬರೆದು ಬ್ಲೌಸಿನ ಒಳಭಾಗಕ್ಕೆ ಹೊಲಿಯಿರಿ. ನಮ್ಮ ಹೊಲಿಗೆಯಾಕೆ ಅತ್ತೆಯ ಎಲ್ಲಾ ಬ್ಲೌಸುಗಳಿಗೂ ದುಡ್ಡು ತೆಗೆದುಕೊಳ್ಳದೆ ಹೊಲಿದುಕೊಟ್ಟಳು. ಇತ್ತೀಚಿನ ಒಂದು ಫೋಟೋ ಕೈಗೆ ಸಿಗುವಂತಿರಲಿ. ಅಕ್ಕಪಕ್ಕದವರಿಗೆ, ಅಂಗಡಿಯವರಿಗೆ ವಿಷಯ ಹೇಳಿಡಿ, ಇದರಲ್ಲಿ ನಾಚಿಕೆ ಏನಿದೆ? ಮತ್ತೆ ಅವರು ಕೇಳಿದ್ದನ್ನೇ ಕೇಳಿದರೆ ವಾದ ಮಾಡಬೇಡಿ. "ಮಾಣಿ ಬಂದ್ನನೇ?" ಅಂದರೆ ನಾನೀಗ, "ಈಗ ಬತ್ತ ಅತ್ತೆ, ದಾರಿ ಮೇಲಿದ್ದ" ಅನ್ನುತ್ತೇನೆ. ಅವರಿಗೆ ಸಮಾಧಾನ. ಸುಳ್ಳೂ ಅಲ್ಲವಲ್ಲ, ಅಂಗಡಿ ಮುಚ್ಚಿ ಅವರ ಮಾಣಿ ದಿನಾ ಬಂದೇ ಬರುತ್ತಾನೆ!

ಬರುವ ಬುಧವಾರ ಪ್ರೇಮಾ ಕಾರಂತರ 'ಫಣಿಯಮ್ಮ' ನೋಡುವುದೆಂದು ಮಾತಾಗಿದೆ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ನಾನು ಓದಿದ್ದೇನೆ, ಚಿತ್ರ ನೋಡಿಲ್ಲ. ನೀವೂ ವಾರಕ್ಕೊಂದು ಮಧ್ಯಾಹ್ನ ನೆರೆಹೊರೆಯವರನ್ನು ಕರೆದು ಕೂತು ನೋಡಿ. ಯಾವ ಚಿತ್ರ ಹಿಡಿಸಿತು, ಯಾಕೆ ಹಿಡಿಸಿತು ಅಂತ ಈ ಪತ್ರಿಕೆಗೇ ಬರೆಯಿರಿ. ಮನೆಯ ಹಿರಿಯರನ್ನೂ ಕರೆದು ಕೂರಿಸಿಕೊಳ್ಳಿ, ಕಥೆ ತಿಳಿಯದಿದ್ದರೂ ಪರವಾಗಿಲ್ಲ. ಮತ್ತೆ ಅವರು ಇವತ್ತು ಯಾವ ಸೀರೆ ಉಟ್ಟಿದ್ದಾರೆ ಅಂತ ಒಮ್ಮೆ ನೋಡಿಕೊಳ್ಳಿ.